ಉಳವಪ್ಪನ ಸಾಲಡ್ಡು

ತಿಳವಳ್ಳಿಯ ಕಿರಾಣಿ ಅಂಗಡಿಯ ಉಳವಪ್ಪ ತನ್ನ ಆಯುಷ್ಯದಲ್ಲಿ ಒಂದೇ ಒಂದು ಸಲ ಮುಂಬಯಿಗೆ ಹೋಗಿ ಎಂಟು ದಿನ ಇದ್ದು ಬಂದಿದ್ದ. ಬಂದ ಮೇಲೆ ಹನ್ನೊಂದು ವರ್ಷ ಆ ಎಂಟು ದಿನಗಳನ್ನೇ ಊರಿಗೆ ಉಣಬಡಿಸಿದ. ಬೆಲ್ಲಕ್ಕೆ ಬಂದವರಿಗೆ ಟ್ರಾಂ ಗಾಡಿಯ ಕತೆ, ಉಪ್ಪಿಗೆ ಬಂದವರಿಗೆ ಸಮುದ್ರದ ಕತೆ. ಊರಿನವರು ಒಳ್ಳೆಯವರು. ನೂರು ಸಲ ಕೇಳಿದ್ದನ್ನೂ ಹೊಸದಾಗಿ ಕೇಳುವವರಂತೆ "ಹೌದಾ? ಆಮ್ಯಾಲೆ?" ಎನ್ನುತ್ತಿದ್ದರು. ಕತೆ ಹೇಳುವಾಗ ಉಳವಪ್ಪನ ಕಣ್ಣು ತಕ್ಕಡಿಯ ಮೇಲೆ ಇರುತ್ತಿರಲಿಲ್ಲ ಎಂಬುದೂ ಅದಕ್ಕೆ ಒಂದು ಕಾರಣವಿದ್ದೀತು.

ಶಾಲಾ ಕಮಿಟಿಯ ಸಭೆಗಳು ಅವನ ಅಂಗಡಿಯ ಕಟ್ಟೆಯ ಮೇಲೆ ನಡೆಯುತ್ತಿದ್ದವು. ಕಟ್ಟೆ ಯಾರದೋ ಅವನೇ ಅಧ್ಯಕ್ಷ ಎಂದು ಊರು ತೀರ್ಮಾನಿಸಿತ್ತು. ಅಧ್ಯಕ್ಷನಿಗೆ ಆ ವರ್ಷ ಒಂದೇ ಚಿಂತೆ. ಊರ ಶಾಲೆಯಲ್ಲಿ ಆರನೇ ಇಯತ್ತೆಯವರೆಗೆ ಮಾತ್ರ ಇತ್ತು. ಏಳನೆಯದನ್ನು ಓದಬೇಕಾದರೆ ಹಾನಗಲ್ಲಿಗೆ ಹೋಗಿ ಬೇರೆಯವರ ಮನೆಯಲ್ಲಿ ಇರಬೇಕು. ಉಳವಪ್ಪನ ಮಗಳು ಅನ್ನವ್ವ ಆರನೆಯದರಲ್ಲಿ ಎಲ್ಲರಿಗಿಂತ ಮುಂದೆ ಇದ್ದಳು. ಆದರೆ ಅವನ ತಾಯಿ ಚೌಡವ್ವ ಜಗಲಿಯ ಮೇಲೆ ಕುಳಿತು ತೀರ್ಪು ಕೊಟ್ಟುಬಿಟ್ಟಿದ್ದಳು:

"ಹಾನಗಲ್ಲಿಗೆ ಕೂಸಿನ್ನ ಕಳಸೂದಿಲ್ಲ. ಊರಾಗ ಏಳನೇತ್ತೆ ಬಂತೋ, ಓದ್ಲಿ. ಬರಲಿಲ್ಲೋ, ಮಾಸೂರಿನ ಬೀಗರು ಕೇಳಾಕತ್ತಾರ, ಅಕ್ಕಿಕಾಳು ಒಗದು ಬಿಡೋಣು."

ಚೌಡವ್ವನಿಗೆ ಕಣ್ಣು ಮಂಜು, ಮಾತು ಮಾತ್ರ ನಿಚ್ಚಳ.

ಏಳನೇ ಇಯತ್ತೆ ಬರಬೇಕಾದರೆ ಹನ್ನೆರಡು ಮಂದಿ ಬೇಕೆಂದು ಸರಕಾರದ ನಿಯಮ. ಹೆಡ್ ಮಾಸ್ತರ ಹನುಮಂತಪ್ಪನವರ ಯಾದಿಯಲ್ಲಿ ಇದ್ದದ್ದು ಹನ್ನೊಂದು. ಅವರು ಆ ಯಾದಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಣಿಸಿ ನೋಡಿದ್ದರು. ಎರಡೂ ಕಡೆಯಿಂದ ಹನ್ನೊಂದೇ ಬರುತ್ತಿತ್ತು. ಇನ್ನು ಶಾಲಾ ತಪಾಸಣೆಯ ಡೆಪ್ಯುಟಿ ಸಾಹೇಬರು, ಊರ ಬಾಯಿಯಲ್ಲಿ 'ದೀಪೋಟಿ', ಮನಸ್ಸು ಮಾಡಿ ಕಣ್ಣು ಮುಚ್ಚಿದರೆ ಉಂಟು, ಇಲ್ಲವಾದರೆ ಇಲ್ಲ.

ಹೀಗಿರುವಾಗ ದೀಪೋಟಿಯವರ ಕಾಗದ ಬಂತು. ಹನುಮಂತಪ್ಪ ಮಾಸ್ತರರು ಕಟ್ಟೆಯ ಮೇಲೆ ನಿಂತು ಓದಿದರು:

"ಶೀಗಿ ಹುಣ್ಣಿಮೆಯ ದಿವಸ ಮಧ್ಯಾಹ್ನ ಕಮಿಟಿಯವರನ್ನು ಭೇಟಿಯಾಗುವೆವು. ನಾವು ಊಟಕ್ಕೆ ಸಾಲಡ್ ಮಾತ್ರ ತೆಗೆದುಕೊಳ್ಳುವೆವು. ಬೇರೆ ಏನೂ ಮಾಡಕೂಡದು."

"ಸಾಲಡ್ ಅಂದ್ರ ಏನ್ರಿ ಮಾಸ್ತರ್ರ?" ಎಂದು ಯಾರೋ ಕೇಳಿದರು.

ಮಾಸ್ತರರು ಕಾಗದದ ಹಿಂಬದಿಯನ್ನು ನೋಡಿದರು. ಅಲ್ಲಿ ಏನೂ ಬರೆದಿರಲಿಲ್ಲ.

"ನಂಗ ಗೊತ್ತೈತಿ" ಎಂದ ಉಳವಪ್ಪ. ಎಲ್ಲರೂ ತಿರುಗಿದರು. ಜನ ತಾವಾಗಿ ತಿರುಗಿ ನೋಡಿದ್ದು ಹನ್ನೊಂದು ವರ್ಷಗಳಲ್ಲಿ ಅದೇ ಮೊದಲು. ಅವನಿಗೆ ಎದೆ ಉಬ್ಬಿತು. "ನಾ ಮುಂಬೈದಾಗಿದ್ದಾಗ ನೋಡೇನಿ. ಸಮುದ್ರದ ದಂಡಿಮ್ಯಾಲೆ ಒಬ್ಬಾಂವ ದೊಡ್ಡ ಪರಾತದಾಗ ಎರಡೂ ಕೈಲೆ ಕಲಸ್ತಿದ್ದ. ಚುರುಮುರಿ, ಶೇವು, ಹಸಿ ಉಳ್ಳಾಗಡ್ಡಿ, ಕೊತಂಬರಿ, ಹುಣಸಿಹುಳಿ. ಹ್ಯಾಟ ಹಾಕ್ಕೊಂಡಾಂವೊಬ್ಬ ನಿಂತು ತಿಂತಿದ್ದ."

"ಅದಕ್ಕ ಸಾಲಡ್ ಅಂತಾರಂತ ಅವರs ಹೇಳಿದ್ರೇನ?"

"ಹೇಳೂದೇನೈತಿ? ಹ್ಯಾಟ ಹಾಕ್ಕೊಂಡಾಂವ ತಿಂದ ಮ್ಯಾಲೆ ಮತ್ತೇನಿರ್ತೈತಿ?"

ಈ ತರ್ಕವನ್ನು ಕಟ್ಟೆ ಒಪ್ಪಿಕೊಂಡು ಅಡಿಗೆಯನ್ನು ಅವನಿಗೇ ವಹಿಸಿತು.

ಸಾಮಾನೆಲ್ಲ ಅಂಗಡಿಯಲ್ಲೇ ಇತ್ತು. ಮೇಲೆ ಹಾಕುವ ಶೇವು-ಪುಠಾಣಿಯ ಖಾರ ಮಾತ್ರ ಸವಣೂರಿನದೇ ಆಗಬೇಕೆಂದು ಉಳವಪ್ಪ ಹಟ ಹಿಡಿದ. ಎರಡು ಮೋಟಾರು ಬದಲಿಸಿ, ಸವಣೂರಿನ ಖಾದರಸಾಬನ ಭಟ್ಟಿಯ ಮುಂದೆ ಇಳಿದಾಗ ಖಾದರಸಾಬ ಕುದಿಯುವ ಎಣ್ಣೆಗೆ ಶೇವು ಒತ್ತುತ್ತಿದ್ದ. ಸಾಲಡ್ಡಿನ ವಿಷಯ ಕೇಳಿ ಅವನ ಕೈ ನಿಂತಿತು.

"ದೀಪೋಟಿ ಸಾಹೇಬರು ನನ್ನ ಖಾರ ತಿಂತಾರಾ?" ಎಂದು ಅವನು ಒಳಗೆ ಕೂಗಿದ. "ರಮಜಾನಬಿ! ಕೇಳಿದೇನು? ಇನ್ನಮ್ಯಾಲೆ ಪುಠಾಣಿ ಒಡದದ್ದು ಹಾಕಬ್ಯಾಡ. ಆರಿಸಿ ಹಾಕು, ಸರಕಾರೀ ಹೊಟ್ಟಿ ಐತಿ!"

ಹೆಂಡತಿ ರಮಜಾನಬಿ ಮೊರದೊಂದಿಗೆ ಹೊರಗೆ ಬಂದಳು. ಬಂದವಳು ಸಾಹೇಬರ ಬಗ್ಗೆ ಕೇಳಲಿಲ್ಲ. "ಮನ್ಯಾಗ ಹುಡುಗೂರು ಅದಾರೇನ್ರಿ?" ಎಂದು ಕೇಳಿದಳು.

"ಒಬ್ಬಾಕಿ ಮಗಳು. ಆಕಿ ಸಾಲಿಗಾಗೇ ಇಷ್ಟೆಲ್ಲಾ."

ಅವಳು ಡಬ್ಬಿ ತುಂಬಿಸಿದಳು. ಬೇರೆ ಒಂದು ಪೊಟ್ಟಣ ಕಟ್ಟಿ ಅವನ ಅಂಗಿಯ ಜೇಬಿಗೆ ತಾನೇ ಸೇರಿಸಿದಳು. "ಇದು ಆಕೀದು. ಖಾರ ಕಡಿಮಿ ಐತಿ. ಮತ್ತ ನೋಡ್ರಿ, ಹುಳಿ ಕಡೀಕ ಹಾಕ್ರಿ. ಮೊದಲ ಹಾಕಿದ್ರ ಎಲ್ಲಾ ಮೆತ್ತಗಾಗಿ ಸಾಹೇಬರು ಅಂಬಲಿ ಕುಡದಂಗ ಕುಡೀಬೇಕಾಗ್ತೈತಿ."

ಮೋಟಾರಿನಲ್ಲಿ ಡಬ್ಬಿಯ ವಾಸನೆ ಮುಚ್ಚಿಡಲು ಬರುವಂಥದ್ದಾಗಿರಲಿಲ್ಲ. ಬಂಕಾಪುರದ ಹತ್ತಿರ ಪಕ್ಕದವನು ಕೇಳಿದ. ಸಾಹೇಬರಿಗೆಂದು ಒಯ್ಯುವ ಖಾರವನ್ನು ಒಬ್ಬರಾದರೂ ತಿಂದು ನೋಡುವುದು ಕರ್ತವ್ಯವೆಂದು ಉಳವಪ್ಪನಿಗೂ ಅನ್ನಿಸಿತು. ಒಬ್ಬರು ತಿಂದ ಮೇಲೆ ಉಳಿದವರ ಅಭಿಪ್ರಾಯ ಕೇಳದಿರುವುದು ಮರ್ಯಾದೆಯಲ್ಲ. ಡ್ರೈವರನು ಗಾಡಿ ನಿಲ್ಲಿಸಿಯೇ ಅಭಿಪ್ರಾಯ ಕೊಟ್ಟ. ಹಾನಗಲ್ಲಿಗೆ ಬರುವ ಹೊತ್ತಿಗೆ ಡಬ್ಬಿ ಅರ್ಧವಾಗಿತ್ತು, ಅಭಿಪ್ರಾಯ ಮಾತ್ರ ಸರ್ವಾನುಮತದ್ದಾಗಿತ್ತು.

ಶೀಗಿ ಹುಣ್ಣಿಮೆಯೆಂದರೆ ಆ ಸೀಮೆಯಲ್ಲಿ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಪೈರು ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ. ಬಸುರಿಗೆ ಬಯಕೆಯ ಊಟ ಹಾಕಬೇಕು. ಕಡಬು, ಹೋಳಿಗೆ, ಕುಂಬಳಕಾಯಿ, ಪಲ್ಯ, ಅನ್ನ ಎಲ್ಲವನ್ನೂ ಒಂದು ಬುಟ್ಟಿಯಲ್ಲಿ ಕಲಸಿ, "ಹುಲ್ಲುಲ್ಲಿಗ್ಯೋ" ಎಂದು ಕೂಗುತ್ತ ಹೊಲದ ತುಂಬ ಚೆಲ್ಲಿ ಬರುತ್ತಾರೆ. ಅದೇ ಚರಗ. ಚರಗ ಚೆಲ್ಲಿದ ಮೇಲೆಯೇ ಮನೆಯವರ ಊಟ. ಊರೆಲ್ಲ ಹೊಲದಲ್ಲಿರುವಾಗ ಸಾಹೇಬರಿಗೆ ಮಾತ್ರ ಊರಲ್ಲಿ ಎಲೆ ಹಾಕುವುದು ಹೇಗೆ? ಹಳ್ಳದ ತಿರುವಿನಲ್ಲಿದ್ದ ಉಳವಪ್ಪನ ಹೊಲದ ಬನ್ನಿಮರದ ಕೆಳಗೇ ಸಾಲಡ್ಡೂ ಎಂದು ನಿಶ್ಚಯವಾಯಿತು.

ಬೆಳಿಗ್ಗೆ ಉಳವಪ್ಪ ತೋಳು ಮಡಚಿ ಪರಾತದ ಮುಂದೆ ಕುಳಿತ. ಸುತ್ತ ಆರೇಳು ಹೆಂಗಸರು ಕುಳಿತರು. ಗಂಡಸು ಅಡಿಗೆ ಮಾಡುವುದನ್ನು ನೋಡುವ ಯೋಗ ದಿನಾ ಬರುವುದಿಲ್ಲ. ಸವತಿಕಾಯಿ, ಮೂಲಂಗಿ, ಹಕ್ಕರಕಿ ಸೊಪ್ಪು ಹೆಚ್ಚಿ ಕೊಟ್ಟವಳು ಹೆಂಡತಿ ವೀರವ್ವ. ಚುರುಮುರಿ, ಪುಠಾಣಿ, ಹುರಿದ ಶೇಂಗಾ, ಮೇಲೆ ಸವಣೂರಿನ ಖಾರ, ರಮಜಾನಬಿ ಹೇಳಿದಂತೆ ಎಲ್ಲಕ್ಕೂ ಕೊನೆಗೆ ಹುಣಸೆಹುಳಿ. ಮುಂಬಯಿಯವನ ಹಾಗೆ ಮೊಣಕೈಯವರೆಗೆ ಕೈ ಇಳಿಸಿ ಅವನು ಕಲಸತೊಡಗಿದ. ಕರಕರ ಸದ್ದಿಗೆ ಪಕ್ಕದ ಹೊಲದ ಎತ್ತು ತಲೆ ಎತ್ತಿ ನೋಡಿತು.

"ಉಳವಣ್ಣ" ಎಂದಳು ಪಕ್ಕದ ಹೊಲದ ಹೊನ್ನವ್ವ, "ನನಗ್ಯಾಕೋ ಇದು ಚುರುಮುರಿ ಕಂಡಂಗ ಕಾಣತೈತಲ್ಲೋ."

"ಚುರುಮುರಿ ಮನಸ್ಸಿಟ್ಟು ಕಲಸಿದ್ರ ಚುರುಮುರಿ. ಸಾಲಡ್ಡಿನ ಮನಸ್ಸಿಟ್ಟು ಕಲಸಿದ್ರ ಸಾಲಡ್ಡು. ಎಲ್ಲಾ ಕಲಸಾಂವನ ಮ್ಯಾಲೆ ಐತಿ."

"ಹಂಗಾರ ನಮ್ಮನಿಯವರಿಗೆ ನಾಳೆ ಅಂಬಲಿನ ಹಾಲಿನ ಮನಸ್ಸಿಟ್ಟು ಕಾಸಿ ಕೊಡ್ತೇನಿ ತಗೋ!"

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ವೀರವ್ವ ಮಾತ್ರ ನಗಲಿಲ್ಲ. ಗಂಡನ ಹಣೆಯ ಮೇಲಿನ ಬೆವರು ಪರಾತಕ್ಕೆ ಬೀಳುವ ಮೊದಲು ಸೆರಗಿನಿಂದ ಒರಸಿದಳು. "ಚೊಲೊ ಆಗೇತ್ರಿ. ವಾಸನಿನೇ ಹೇಳ್ತೈತಿ" ಎಂದಳು.

ಉಳವಪ್ಪ ಸಾಲಡ್ಡನ್ನು ಹೊಸ ಬುಟ್ಟಿಗೆ ತುಂಬಿ, ಬಾಳೆಎಲೆ ಮುಚ್ಚಿ, ಮರದ ಬುಡದಲ್ಲಿಟ್ಟ. ಪಕ್ಕದಲ್ಲೇ ಇನ್ನೊಂದು ಹೊಸ ಬುಟ್ಟಿ ಇತ್ತು. ಅದರ ಮೇಲೂ ಬಾಳೆಎಲೆ ಇತ್ತು. ಅದರಲ್ಲಿ ಚೌಡವ್ವನ ಚರಗ ಇತ್ತು. ಇದನ್ನೆಲ್ಲ ಅವನು ಕಣ್ಣಾರೆ ನೋಡಿಯೂ ಏನನ್ನೂ ನೋಡದವನಂತೆ ಚೆಂಡುಹೂವಿನ ಹಾರ ಹಿಡಿದು, ಮಾಸ್ತರರೊಂದಿಗೆ ಸಾಹೇಬರನ್ನು ಕರೆತರಲು ಊರಿನ ಮೋಟಾರು ನಿಲ್ದಾಣಕ್ಕೆ ಹೋದ.

ಮೋಟಾರು ಬಂತು. ಎರಡು ಕೋಳಿ, ಒಂದು ಹಾಸಿಗೆ, ಒಬ್ಬ ಮುದುಕ ಇಳಿದರು. ಸಾಹೇಬರು ಇಳಿಯಲಿಲ್ಲ.

"ಹ್ಯಾಟಿನವರಾ?" ಎಂದ ಡ್ರೈವರ. "ಅವರು ಆಗಲೇ ಹಳ್ಳದ ತಿರುವಿನಾಗ ಇಳಿದ್ರಲ್ಲಾ. ಯಾರೋ ಮುದುಕಿ ಚರಗ ಚೆಲ್ಲಾಕತ್ತಿದ್ಲು, ನೋಡಿದವರ 'ನಿಂದರಸು, ನಿಂದರಸು' ಅಂತ ಚಾಲೂ ಗಾಡಿಯಿಂದನ ಜಿಗದ್ರು."

ಉಳವಪ್ಪ ಹಾರವನ್ನು ಮಾಸ್ತರರ ಕೈಗೆ ಕೊಡುವ ಬದಲು ಗಡಿಬಿಡಿಯಲ್ಲಿ ಕೊರಳಿಗೇ ಹಾಕಿ, ಧೋತರದ ಚುಂಗು ಎತ್ತಿ ಹಿಡಿದು ಓಡಿದ. ಮಾಸ್ತರರು ಹಾರದ ಸಮೇತ ಹಿಂದೆ ಓಡಿದರು. ದಾರಿಯ ಹೊಲದವರು ಎದ್ದು ನಿಂತು, ಮಾಸ್ತರರಿಗೆ ಬಡ್ತಿ ಬಂತೆಂದು ತಿಳಿದು ಕೈ ಮುಗಿದರು. ಮಾಸ್ತರರು ಓಡುತ್ತಲೇ ಎಲ್ಲರಿಗೂ ಪ್ರತಿ ನಮಸ್ಕಾರ ಮಾಡಿದರು.

ಬನ್ನಿಮರದ ಬುಡದಲ್ಲಿ ಒಂದು ಬುಟ್ಟಿ ಇತ್ತು. ಉಳವಪ್ಪ ಎಲೆ ಎತ್ತಿ ನೋಡಿದ. ಕಡಬು, ಕುಂಬಳಕಾಯಿ.

ಹೊಲದ ನಡುವಿನಿಂದ ತಾಯಿಯ ದನಿ ಕೇಳಿತು:

"ಹುಲ್ಲುಲ್ಲಿಗ್ಯೋ!"

ಅದರ ಹಿಂದೆಯೇ ಒಂದು ಗಂಡು ದನಿ ಸಣ್ಣಗೆ, ಹೆದರಿದಂತೆ, "ಹುಲ್ಲುಲ್ಲಿಗ್ಯೋ" ಎಂದಿತು.

"ಗಂಟಲದಾಗ ಕಪ್ಪಿ ಕುಂತೈತೇನೋ ತಮ್ಮಾ? ಭೂಮಿತಾಯಿಗೆ ಕೇಳಬೇಕು. ಗಟ್ಟಿಯಾಗಿ ಒದರು!"

"ಹುಲ್ಲುಲ್ಲಿಗ್ಯೋ!"

ಉಳವಪ್ಪ ಬದುವಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಇಣುಕಿದ. ಮಾಸ್ತರರೂ ಹಾರದೊಂದಿಗೆ ಪಕ್ಕದಲ್ಲಿ ಕುಳಿತರು. ಚೌಡವ್ವ ಮುಂದೆ, ಕೈಯಲ್ಲಿ ಕೋಲು. ಹಿಂದೆ ಕೋಟು, ಹ್ಯಾಟು, ಮೊಣಕಾಲವರೆಗೆ ಕೆಸರು. ತಲೆಯ ಮೇಲಿನ ಹ್ಯಾಟಿನ ಮೇಲೆ ಸಾಲಡ್ಡಿನ ಬುಟ್ಟಿ. ಸಾಹೇಬರು ಒಂದು ಹಿಡಿ ಭೂಮಿಗೆ ಚೆಲ್ಲುತ್ತಿದ್ದರು, ಚೌಡವ್ವ ಅತ್ತ ತಿರುಗಿದಾಗ ಒಂದು ಹಿಡಿ ಬಾಯಿಗೆ ಹಾಕುತ್ತಿದ್ದರು.

"ಏನೋ ಕರಕರ ಅಂದಂಗಾತಲ್ಲ?" ಎಂದು ಚೌಡವ್ವ ನಿಂತಳು.

ಸಾಹೇಬರು ಅಗಿಯುವುದನ್ನು ನಿಲ್ಲಿಸಿದರು.

"ಈ ವರ್ಷ ನಮ್ಮ ಸೊಸಿ ಚರಗದಾಗ ಖಾರ ಹಾಕ್ಯಾಳ. ಚೊಲೊ ಮಾಡ್ಯಾಳ ಬಿಡು. ಬಸುರಿ ಬಾಯಿಗೆ ಖಾರ, ಹುಳಿ ಬೇಕನಸ್ತೈತಿ. ವರ್ಷಾ ಅದs ಕುಂಬಳಕಾಯಿ ತಿಂದು ಆ ತಾಯಿಗೂ ಬ್ಯಾಸರಾಗಿರಬೇಕು. ನೀ ಯಾ ಊರಾಂವೋ ತಮ್ಮಾ? ನಮ್ಮ ಉಳವ್ಯಾ ಕೂಲಿಗೆ ಕರದಾನೇನು?"

"ಶಿಗ್ಗಾಂವಿ ಕಡಿಯಾಂವ ಬೇ. ಸಣ್ಣಾಂವಿದ್ದಾಗ ನಮ್ಮವ್ವನ ಹಿಂದ ಹಿಂಗs ಬುಟ್ಟಿ ಹೊತ್ಗೊಂಡು ತಿರಗ್ತಿದ್ದೆ. ಮೂವತ್ತು ವರ್ಷಾತು."

"ಹಂಗಾರ ಕೈ ಬೀಸಿ ಚೆಲ್ಲು. ಮದುವಿ ಮನ್ಯಾಗ ಉಪ್ಪಿನಕಾಯಿ ಬಡಸಿದಂಗ ಯಾಕ ಚೆಲ್ತಿ?"

ಸಾಹೇಬರು ಕೈ ಬೀಸಿದರು. ಬದುವಿನ ಹಿಂದೆ ಉಳವಪ್ಪನ ತಲೆಯ ಮೇಲೆ ನಾಲ್ಕು ಪುಠಾಣಿ ಬಿದ್ದವು.

"ಇವತ್ತ ನಮ್ಮನಿಗೆ ಒಬ್ಬಾಂವ ದೀಪೋಟಿ ಬರ್ತಾನಂತ" ಎಂದು ಚೌಡವ್ವ ನಡೆಯುತ್ತ ಮುಂದುವರಿಸಿದಳು. "ಅನ್ನ ಉಣ್ಣಂಗಿಲ್ಲಂತ, ರೊಟ್ಟಿ ಮುಟ್ಟಂಗಿಲ್ಲಂತ. ಹಸಿ ಸೊಪ್ಪು ಮೇಯ್ತಾನಂತ. ಎತ್ತಿನ ಜಾತ್ಯಾಗ ಹುಟ್ಟಬೇಕಾಗಿತ್ತು, ಯಾರ ಶಾಪೋ, ಆಫೀಸರಾಗ್ಯಾನ."

ಉಳವಪ್ಪ ಕಣ್ಣು ಮುಚ್ಚಿಕೊಂಡ. ಮಾಸ್ತರರು ಹಾರದ ಹೂವು ಒಂದೊಂದಾಗಿ ಕೀಳತೊಡಗಿದರು.

"ಇರಲಿ ಬಿಡಬೇ" ಎಂದರು ಸಾಹೇಬರು. "ಅಂವ ಯಾಕ ಬರಾಕತ್ತಾನು?"

"ಏಳನೇತ್ತೆ ಕೊಡಾಕ. ಕೊಟ್ರ ನನ್ನ ಮಮ್ಮಗಳು ಓದ್ತಾಳು. ಹನ್ನೆರಡು ಮಂದಿ ಬೇಕಂತ, ಹನ್ನೊಂದs ಅದಾವಂತ. ಒಂದು ಹುಡುಗ ಕಡಿಮಿ ಬಿತ್ತಂತ ನನ್ನ ಕೂಸಿನ ಓದು ನಿಲ್ಲಬೇಕೇನೋ ತಮ್ಮಾ? ನನಗ ಕಣ್ಣು ಮಂಜು. ದಿನಾ ಸಂಜೀಮುಂದ ಆಕಿ ನನಗ ಪುಸ್ತಕ ಓದಿ ಹೇಳ್ತಾಳು. ಗೊತ್ತಿದ್ದದ್ದನ್ನೂ ನಾ ಮತ್ತ ಮತ್ತ ಕೇಳ್ತೇನಿ, ಆಕಿ ಬ್ಯಾಸರ ಮಾಡ್ಕೊಳ್ಳಂಗಿಲ್ಲ."

"ಹಾನಗಲ್ಲಿಗೆ ಯಾಕ ಕಳಸಬಾರದು?"

"ಕಳಿಸಿ ನೋಡೇನಲ್ಲೋ! ಆಕೀನ್ನಲ್ಲ, ಆಕಿ ಅಪ್ಪನ್ನ. ಆರನೇತ್ತೆ ಪಾಸಾದ. ಏಳಕ್ಕ ಹಾನಗಲ್ಲಿಗೆ ಕಳಿಸಿದ್ವಿ. ಮೂರನೇ ದಿನಕ್ಕ ಮೂಗು ಸುರಿಸ್ಕೋಂತ, 'ಯವ್ವಾ, ಅಲ್ಲಿ ರೊಟ್ಟಿ ದಪ್ಪ ಮಾಡ್ತಾರ' ಅಂತ ಓಡಿಬಂದ. ಗಂಡಸು ಅಂವs ಹಂಗ ಬಂದ ಮ್ಯಾಲೆ ಈ ಕೂಸಿನ್ನ ಹೆಂಗ ಕಳಸಲಿ?"

ಮಾಸ್ತರರು ನಿಧಾನವಾಗಿ ತಿರುಗಿ ಅಧ್ಯಕ್ಷನ ಮುಖ ನೋಡಿದರು. ಮುಂಬಯಿಯ ಕತೆಗಳಲ್ಲಿ ಈ ಕತೆ ಬಂದಿರಲಿಲ್ಲ. ಉಳವಪ್ಪನಿಗೆ ಇನ್ನು ಅಲ್ಲಿ ಕೂರಲಾಗಲಿಲ್ಲ. ಎದ್ದು ನಿಂತ. ತಲೆಯ ಮೇಲಿನ ಪುಠಾಣಿ ಉದುರಿದವು.

"ಸಾಹೇಬ್ರ, ತಪ್ಪಾತ್ರಿ! ಯವ್ವಾ, ನೀ ಚೆಲ್ಲಾಕತ್ತಿದ್ದು ಚರಗ ಅಲ್ಲ, ಸಾಹೇಬರ ಸಾಲಡ್ಡು! ಇವರು ಕೂಲಿಯವರಲ್ಲ, ದೀಪೋಟಿ ಸಾಹೇಬರು!"

ಚೌಡವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಬಗ್ಗಿ ಸಾಹೇಬರ ಮುಖವನ್ನು ಹತ್ತಿರದಿಂದ ನೋಡಿದಳು. ಆಮೇಲೆ ಕೋಲು ಕುಟ್ಟಿ, "ಮೊದಲ ಹೇಳಬಾರದೇನೋ? ದೀಪೋಟಿ ಅಂದಿದ್ರ ಬುಟ್ಟಿಯೊಳಗಿಂದು ಸ್ವಲ್ಪ ಕಡಿಮಿ ಮಾಡಿ ಹೊರಿಸ್ತಿದ್ದೆ" ಎಂದಳು.

ಸಾಹೇಬರು ಬುಟ್ಟಿ ಇಳಿಸಿ, ಬಾಯಿ ಒರಸಿಕೊಂಡರು. ಅವರ ಮೀಸೆಯ ಮೇಲೆ ಒಂದು ಶೇವು ಉಳಿದಿತ್ತು. "ಇದು ಸಾಲಡ್ಡಾ?" ಎಂದು ಕೇಳಿದರು.

ಉಳವಪ್ಪ ನೆಲ ನೋಡಿದ. "ಗೊತ್ತಿಲ್ರಿ. ಮುಂಬೈದಾಗ ಒಬ್ಬ ಹ್ಯಾಟಿನಾಂವ ತಿನ್ನೂದ ನೋಡಿದ್ದೆ, ಅಷ್ಟs. ನನಗ ಸಾಲಡ್ ಅಂದ್ರ ಏನಂತನ ಗೊತ್ತಿಲ್ಲ."

"ನನಗೂ ಅಷ್ಟೇನು ಗೊತ್ತಿಲ್ಲ" ಎಂದರು ಸಾಹೇಬರು. "ನಾನೂ ಹತ್ತು ವರ್ಷ ಹಳ್ಳಿಯೊಳಗ ಮಾಸ್ತರಕಿ ಮಾಡಿದಾಂವ. ತಪಾಸಣೆಗೆ ಸಾಹೇಬರು ಬರ್ತಾರಂದ್ರ ಮಾಸ್ತರನ ಮನ್ಯಾಗ ಹೋಳಿಗಿ, ತುಪ್ಪ. ಅವರು ಹೋದ ಮ್ಯಾಲೆ ತಿಂಗಳಾನಗಟ್ಲೆ ಮಕ್ಕಳಿಗೆ ಗಂಜಿ. ನಾ ದೀಪೋಟಿ ಆದಾಗ ಯೋಚನಿ ಮಾಡಿದೆ. ಏನೂ ಬ್ಯಾಡ ಅಂದ್ರ ಯಾರೂ ಕೇಳಂಗಿಲ್ಲ. ಸಾಲಡ್ ಅಂತ ಬರದ್ರ ಒಂದು ಸವತಿಕಾಯಿ ಹೆಚ್ಚಿಟ್ಟು ಸುಮ್ಮನಾಗ್ತಾರ ಅನಕೊಂಡೆ. ಎಲ್ಲಾ ಕಡೆ ಹಂಗs ಆತು. ಎರಡು ವರ್ಷದಿಂದ ಸವತಿಕಾಯಿ ತಿಂದು ತಿಂದು..." ಅವರು ಬುಟ್ಟಿಯ ತಳ ಕೆರೆದು ಕೊನೆಯ ಹಿಡಿಯನ್ನು ಬಾಯಿಗೆ ಹಾಕಿಕೊಂಡರು. "ಈ ಖಾರ ಎಲ್ಲೀದ್ರಿ?"

"ಸವಣೂರಿಂದ್ರಿ."

"ಚೊಲೊ ಐತಿ."

ಹನುಮಂತಪ್ಪ ಮಾಸ್ತರರು ಮೂಗು ಒರಸುವ ನೆವದಲ್ಲಿ ಆಚೆ ತಿರುಗಿದರು. ಅವರಿಗೂ ನಾಲ್ಕು ಮಕ್ಕಳು.

ಬನ್ನಿಮರದ ಕೆಳಗೆ ಯಾದಿ ಬಿಚ್ಚಲಾಯಿತು. ಸಾಹೇಬರು ಎಣಿಸಿದರು. ಸರಕಾರದವರು ಎಣಿಸಿದರೂ ಹನ್ನೊಂದೇ ಬಂತು. ಅವರು ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿದರು. ಅನ್ನವ್ವ ಅವ್ವನ ಹಿಂದೆ ನಿಂತು ಉಗುರು ಕಚ್ಚುತ್ತಿದ್ದಳು.

"ಸುಳ್ಳು ಹೆಸರು ಬರಿಯಾಕ ಬರೂದಿಲ್ಲ" ಎಂದರು ಸಾಹೇಬರು. "ಆರನೇ ಇಯತ್ತೆ ಪಾಸಾಗಿ, ಏಳನೇದು ಓದಲಾರದವರು ಇನ್ನೊಬ್ಬರು ಈ ಊರಾಗ ಯಾರೂ ಇಲ್ಲೇನ್ರಿ?"

ಚೌಡವ್ವ ಕೋಲು ಎತ್ತಿದಳು. ಕಣ್ಣು ಮಂಜಾದರೂ ಕೋಲಿನ ತುದಿ ಉಳವಪ್ಪನ ಎದೆಗೇ ಸರಿಯಾಗಿ ಹೋಗಿ ನಿಂತಿತು.

"ಯವ್ವಾ, ನನಗ ನಲವತ್ತೆರಡು ವಯಸ್ಸು!"

"ನಿಯಮದಾಗ ವಯಸ್ಸಿನ ಮಾತು ಎಲ್ಲೂ ಇಲ್ಲ" ಎಂದು ಸಾಹೇಬರು ಕಿವಿಯಿಂದ ಪೆನ್ಸಿಲ್ಲು ತೆಗೆದರು.

"ಸಾಹೇಬ್ರ, ನಾ ಕಮಿಟಿ ಅಧ್ಯಕ್ಷ ಅದೇನಿ..."

"ಇರ್ರಿ. ಬೆಳಿಗ್ಗೆ ವಿದ್ಯಾರ್ಥಿ, ಸಂಜಿಗೆ ಅಧ್ಯಕ್ಷರು. ಪೂರ್ತಿ ಹೆಸರು ಹೇಳ್ರಿ."

ಉಳವಪ್ಪ ಸುತ್ತ ನೋಡಿದ. ಹೊನ್ನವ್ವ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಅನ್ನವ್ವ ಅವನನ್ನೇ ನೋಡುತ್ತಿದ್ದಳು, ಉಗುರು ಕಚ್ಚುವುದನ್ನು ಬಿಟ್ಟಿದ್ದಳು. ಅವನು ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟು, ಶಾಲೆಯಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತು ತನ್ನ ಪೂರ್ತಿ ಹೆಸರು ಹೇಳಿದ.

ಮುಂದಿನ ಜೂನ್ ತಿಂಗಳಲ್ಲಿ ಏಳನೇ ಇಯತ್ತೆ ತೆರೆಯಿತು. ಹನ್ನೊಂದು ಮಕ್ಕಳ ಹಿಂದೆ ಗೋಡೆಗೆ ಒರಗಿ ಹನ್ನೆರಡನೆಯವನು ಕುಳಿತ. ಲೆಕ್ಕ ತಪ್ಪಿದರೆ ಮಗಳು ಹಿಂದಕ್ಕೆ ತಿರುಗದೆ ಪಾಟಿಯನ್ನು ಸ್ವಲ್ಪ ಓರೆ ಹಿಡಿಯುತ್ತಿದ್ದಳು. ಮಾಸ್ತರರು ಆ ಹೊತ್ತಿಗೆ ಕಿಟಕಿಯ ಹೊರಗೆ ನೋಡುತ್ತಿದ್ದರು. ವರ್ಷದ ಕೊನೆಗೆ ಅನ್ನವ್ವ ಏಳನೆಯದರ ಮುಲ್ಕಿ ಪರೀಕ್ಷೆಯಲ್ಲಿ ತಾಲೂಕಿಗೇ ಮೊದಲಿಗಳಾದಳು. ಉಳವಪ್ಪ ನಪಾಸಾದ.

ಮರುವರ್ಷವೂ ಯಾದಿಯಲ್ಲಿ ಹನ್ನೊಂದೇ ಹೆಸರು ಬಂದವು. ಉಳವಪ್ಪ ಮತ್ತೆ ಗೋಡೆಗೆ ಒರಗಿ ಕುಳಿತ, ಮತ್ತೆ ನಪಾಸಾದ. ಮೂರನೆಯ ವರ್ಷ ಹದಿನಾಲ್ಕು ಮಕ್ಕಳು ಬಂದರು. ಆ ವರ್ಷ ಅವನು ಪಾಸಾದ. ಮೊದಲೆರಡು ಸಲ ಲೆಕ್ಕ ಬರದೇ ನಪಾಸಾದನೋ, ಬೇಕೆಂದೇ ನಪಾಸಾದನೋ ಎಂದು ತಿಳವಳ್ಳಿಯಲ್ಲಿ ಯಾರೂ ಅವನನ್ನು ಕೇಳಲಿಲ್ಲ.